ಭಟ್ಟಿಯ ಸುತ್ತ ಒಂದು ಸುತ್ತು



ಕನ್ನಡದಲ್ಲಿ ‘ಭಟ್ಟಿ’ ಎಂಬ ಮಾತು ಎರಡು ಕಡೆ ಕೇಳಿಬರುತ್ತದೆ. ಒಂದು ಮಂಡಕ್ಕಿ ಭಟ್ಟಿ, ಇನ್ನೊಂದು ಸಾರಾಯಿ ಭಟ್ಟಿ. ಮೊದಲನೆಯದರಲ್ಲಿ ಅಕ್ಕಿ ಹುರಿದು ಅರಳುತ್ತದೆ. ಎರಡನೆಯದರಲ್ಲಿ ಹುಳಿತ ರಸ ಕಾದು, ಆವಿಯಾಗಿ, ತಣಿದು ಹನಿಹನಿಯಾಗಿ ಇಳಿಯುತ್ತದೆ. ಮೂರನೆಯ ಅರ್ಥವೊಂದು ನಿಮಗೆ ಚೆನ್ನಾಗಿಯೇ ಗೊತ್ತು. ಬೇರೊಬ್ಬರ ಪ್ರಬಂಧವನ್ನು ತನ್ನದೆಂದು ಬರೆದುಕೊಟ್ಟವನನ್ನು ‘ಭಟ್ಟಿ ಇಳಿಸಿದ್ದಾನೆ’ ಎನ್ನುತ್ತೇವೆ. ಆ ವಿಚಾರವನ್ನು ನಿಮ್ಮ ಅಧ್ಯಾಪಕರಿಗೆ ಬಿಟ್ಟು, ಮೊದಲ ಎರಡರ ಕಡೆಗೆ ಹೋಗೋಣ. ಕಾಳನ್ನು ಹುರಿಯುವುದು, ಕಾಳನ್ನು ಹುಳಿಸುವುದು ಇವೆರಡೂ ಮನುಷ್ಯನ ಬಹಳ ಹಳೆಯ ಕಸುಬುಗಳು. ನಮ್ಮ ನಗರಗಳ ರುಚಿ, ದುಡಿಮೆ ಮತ್ತು ಸಂಕಟಗಳ ಒಂದು ಭಾಗ ಈ ಎರಡು ಕಸುಬುಗಳಲ್ಲೇ ಇದೆ.

ನೀವು ಹಲವಾಗಲಿನಲ್ಲಿ ಓದುತ್ತಿದ್ದೀರಿ ಎಂದು ಇಟ್ಟುಕೊಳ್ಳಿ. ತುಂಗಭದ್ರೆಯ ದಂಡೆಯ ಊರು. ಹೊಳೆ ತುಂಬಿದ ವರ್ಷ ಗರ್ಭಗುಡಿಯ ರಸ್ತೆಯ ಮೇಲೆ ನೀರು ನಿಲ್ಲುತ್ತದೆ. ನೀರಿನ ಆಸರೆಯಿದ್ದಲ್ಲಿ ಭತ್ತ, ಆಚೆಯ ಹೊಲಗಳಲ್ಲಿ ಜೋಳ, ಮೆಕ್ಕೆಜೋಳ. ನಿಮ್ಮ ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು, 2018ರಲ್ಲಿ ಮರಳಿ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಕಚೇರಿಯ ಕಡತಗಳು ಎಲ್ಲಿಗೆ ಹೋದರೂ ಬಟ್ಟೆ ಕೊಳ್ಳುವುದಕ್ಕೆ, ದವಾಖಾನೆಗೆ, ಕಾಲೇಜಿಗೆ ಎಂದು ಈ ಸೀಮೆಯ ಜನ ಹರಿಹರದ ಮೇಲೆ ದಾವಣಗೆರೆಗೆ ಹೋಗುವುದು ಮಾತ್ರ ನಿಂತಿಲ್ಲ. ಹಾಗೆ ಹೋದವರು ಒಂದು ಪೊಟ್ಟಣ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ ತಿನ್ನದೆ ಹಿಂದಿರುಗುವುದೂ ಅಪರೂಪ.

ಮೈಸೂರು, ಬೆಂಗಳೂರಿನ ಕಡೆ ಪುರಿ ಎನ್ನುತ್ತಾರೆ, ಹುಬ್ಬಳ್ಳಿ-ಧಾರವಾಡದಲ್ಲಿ ಚುರುಮುರಿ. ಈ ಕಡೆ ಅದು ಮಂಡಕ್ಕಿ. ಸಂತೆಯಲ್ಲಿ ಇದನ್ನು ತೂಗುವುದಕ್ಕಿಂತ ಅಳೆದು ಕೊಡುವುದೇ ಹೆಚ್ಚು. ತೂಗಿದರೆ ಕೊಳ್ಳುವವನಿಗೆ ಗಾಳಿ ಕೊಂಡಂತಾಗುವುದಿಲ್ಲ, ಮಾರುವವನಿಗೆ ಲಾಭ ಕಾಣುವುದಿಲ್ಲ! ಅಕ್ಕಿಯ ಒಂದು ಕಾಳು ತನ್ನ ಗಾತ್ರದ ಹಲವು ಪಟ್ಟು ಹಿಗ್ಗುವುದು ಹೇಗೆ? ಮನೆಯ ಅಕ್ಕಿಯನ್ನು ಹಾಗೆಯೇ ಬಾಣಲೆಗೆ ಹಾಕಿ ಹುರಿದು ನೋಡಿ. ಕೆಂಪಾಗುತ್ತದೆ, ಕರಿಯಾಗುತ್ತದೆ, ಮಂಡಕ್ಕಿ ಮಾತ್ರ ಆಗುವುದಿಲ್ಲ.

ಗುಟ್ಟು ಮೊದಲ ಹಂತದಲ್ಲಿದೆ. ಭತ್ತವನ್ನು ಬಿಸಿನೀರಿನ ತೊಟ್ಟಿಯಲ್ಲಿ ನೆನೆಸಿ, ಬಳಿಕ ಕಾವು ಕೊಟ್ಟು ಒಣಗಿಸುತ್ತಾರೆ. ಹೊಟ್ಟಿನೊಳಗೇ ಅಕ್ಕಿ ಅರ್ಧ ಬೆಂದಂತಾಗಿ ಅದರ ಪಿಷ್ಟ ಅಂಟಂಟಾಗುತ್ತದೆ, ಒಣಗಿದಾಗ ಗಾಜಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಗಿರಣಿಯಲ್ಲಿ ಹೊಟ್ಟು ತೆಗೆದು, ಅಕ್ಕಿಗೆ ಉಪ್ಪುನೀರು ಬೆರೆಸಿ, ಹದವಾಗಿ ಬಿಸಿ ಮಾಡುತ್ತಾರೆ. ಕಾಳಿನೊಳಗೆ ನೂರಕ್ಕೆ ಸುಮಾರು ಹತ್ತು ಪಾಲು ತೇವ ಉಳಿಯಬೇಕು. ಹೆಚ್ಚಾದರೆ ಕಾಳು ಅರಳದು, ಕಡಿಮೆಯಾದರೆ ಸುಟ್ಟುಹೋಗುತ್ತದೆ. ಭಟ್ಟಿಯ ಅನುಭವಸ್ಥರು ಇದನ್ನು ಯಾವ ಉಪಕರಣದಿಂದಲೂ ಅಳೆಯುವುದಿಲ್ಲ. ಅಂಗೈಯಲ್ಲಿ ಹಿಡಿದು, ಹಲ್ಲಿನಲ್ಲಿ ಕಡಿದು ಹೇಳುತ್ತಾರೆ.

ಕೊನೆಗೆ ಕಾದ ಮರಳು. ಬಾಣಲೆಯಲ್ಲಿ ಮರಳು ಸುಮಾರು 250 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದಿರುತ್ತದೆ. ಅಕ್ಕಿ ಸುರಿದು ಆಡಿಸಿದ ಕೆಲವೇ ಸೆಕೆಂಡುಗಳಲ್ಲಿ ಒಳಗಿನ ತೇವ ಆವಿಯಾಗಿ ಹೊರಬರಲು ನುಗ್ಗುತ್ತದೆ, ಬಿಸಿಗೆ ಮೆತ್ತಗಾದ ಪಿಷ್ಟ ಬಲೂನಿನಂತೆ ಉಬ್ಬುತ್ತದೆ, ತೇವ ಹೋದೊಡನೆ ಹಾಗೆಯೇ ಗಟ್ಟಿಯಾಗಿ ನಿಲ್ಲುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಮರಳೇ ಏಕೆ ಬೇಕು? ಬಾಣಲೆಯ ತಳವೊಂದೇ ಕಾಳಿಗೆ ತಾಗಿದರೆ ಒಂದು ಮಗ್ಗುಲು ಸೀಯುತ್ತದೆ, ಇನ್ನೊಂದು ಹಸಿಯಾಗಿ ಉಳಿಯುತ್ತದೆ. ಮರಳು ಕಾಳನ್ನು ಸುತ್ತಲಿಂದ ಅಪ್ಪಿ ಒಂದೇ ಸಮನೆ ಕಾವು ಕೊಡುತ್ತದೆ. ಭೌತಶಾಸ್ತ್ರದಲ್ಲಿ ನೀವು ಓದುವ ಉಷ್ಣವಾಹಕತೆಯ ಪಾಠ ಇಲ್ಲಿ ಒಲೆಯ ಮುಂದೆ ನಡೆಯುತ್ತಿದೆ.

ನಾಗರ ಪಂಚಮಿಗೆ ನಿಮ್ಮ ಮನೆಯಲ್ಲಿ ಅಳ್ಳು ಹುರಿಯುವುದನ್ನು ನೋಡಿದ್ದೀರಿ. ಜೋಳದ ಅಳ್ಳು ಮಂಡಕ್ಕಿಯಂತಲ್ಲ, ಅದು ಪಟಪಟ ಸಿಡಿಯುತ್ತದೆ. ಕಾಳಿನ ಗಟ್ಟಿ ಸಿಪ್ಪೆಯೇ ಅಲ್ಲಿ ಮುಚ್ಚಿದ ಪಾತ್ರೆ. ಆವಿಯ ಒತ್ತಡ ತಡೆಯಲಾರದೆ ಸಿಪ್ಪೆ ಹರಿದು ಒಳಗಿನದು ಹೊರಗೆ ಅರಳುತ್ತದೆ. ಹುರಿದ ಕಾಳಿನ ಆ ಘಮಕ್ಕೂ ಒಂದು ಹೆಸರಿದೆ. ಸಕ್ಕರೆ ಮತ್ತು ಪ್ರೋಟೀನಿನ ಅಂಶಗಳು ಬಿಸಿಯಲ್ಲಿ ಸೇರಿ ಬಣ್ಣ, ಪರಿಮಳ ಕೊಡುವ ಕ್ರಿಯೆಯನ್ನು ಫ್ರಾನ್ಸಿನ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವಿವರಿಸಿದರು. ಪುಟಾಣಿ, ಹುರಿದ ಶೇಂಗಾ, ಕಾಫಿ ಬೀಜ, ರೊಟ್ಟಿಯ ಮೇಲಿನ ಕಂದು ಚುಕ್ಕೆ ಎಲ್ಲದರ ಹಿಂದೆ ಇರುವುದು ಆ ಕ್ರಿಯೆಯೇ.

ಇಷ್ಟು ಹೇಳಿ ಮುಗಿಸಿದರೆ ಮಂಡಕ್ಕಿಯ ಕಥೆ ಬಹಳ ಸಿಹಿಯಾಗುತ್ತದೆ. ಭಟ್ಟಿಯ ಒಳಗೆ ನಿಂತವರ ಮಾತು ಬೇರೆ. ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಗಳ ಹೆಸರಿನ ಬಡಾವಣೆಯೇ ಇದೆ. ಅಲ್ಲಿ ಅನೇಕ ಕುಟುಂಬಗಳು ತಲೆಮಾರಿನಿಂದ ಇದನ್ನೇ ನಂಬಿವೆ. ನಸುಕಿನಲ್ಲೇ ಒಲೆ ಹೊತ್ತುತ್ತದೆ. ತಗಡಿನ ಸೂರು, ಕಾದ ಮರಳು, ಬೇಸಿಗೆ ಬೇರೆ. ಉರುವಲು ದುಬಾರಿಯಾದಾಗ ಹಳೆಯ ಟೈರು, ರಬ್ಬರಿನ ಚೂರು ಒಲೆಗೆ ಬಿದ್ದದ್ದುಂಟು. ಟೈರು ಸುಟ್ಟ ಹೊಗೆಯಲ್ಲಿ ಮಸಿ, ಗಂಧಕದ ಡೈ ಆಕ್ಸೈಡ್, ಕ್ಯಾನ್ಸರಿಗೆ ಕಾರಣವಾಗಬಲ್ಲ ಹೈಡ್ರೋಕಾರ್ಬನ್ನುಗಳು ಇರುತ್ತವೆ. ಆ ಹೊಗೆಯನ್ನು ಮೊದಲು ಕುಡಿಯುವವನು ಒಲೆಯ ಮುಂದೆ ಕುಳಿತವನು, ಆಮೇಲೆ ಪಕ್ಕದ ಓಣಿಯ ಮಗು.

ಮಕ್ಕಳ ಮಾತು ಬಂತು. ಈ ಭಟ್ಟಿಗಳಲ್ಲಿ ಮಕ್ಕಳು ದುಡಿದದ್ದು ಮುಚ್ಚಿಡುವ ಸಂಗತಿಯಲ್ಲ. ಮಾಲೀಕನಿಂದ ಮುಂಗಡ ಪಡೆದ ಕುಟುಂಬ ಸಾಲ ತೀರುವವರೆಗೆ ಅಲ್ಲೇ ದುಡಿಯುತ್ತದೆ. ಕೆಲಸ ಬೇಗ ಮುಗಿಯಲಿ ಎಂದು ಮಗನೂ ಜರಡಿ ಹಿಡಿಯುತ್ತಾನೆ, ಮಗಳೂ ಚೀಲ ತುಂಬುತ್ತಾಳೆ. ನಸುಕಿನಲ್ಲಿ ದುಡಿದವನಿಗೆ ಹತ್ತು ಗಂಟೆಯ ತರಗತಿಯಲ್ಲಿ ತೂಕಡಿಕೆ. ಜೀತ ಪದ್ಧತಿಯನ್ನು ರದ್ದುಪಡಿಸುವ ಕಾನೂನು 1976ರಲ್ಲೇ ಬಂದಿದೆ. ಬಾಲಕಾರ್ಮಿಕ ಕಾನೂನು 1986ರಲ್ಲಿ ಬಂತು. 2016ರ ತಿದ್ದುಪಡಿಯ ಬಳಿಕ 14 ವರ್ಷದೊಳಗಿನವರನ್ನು ಯಾವ ಉದ್ಯೋಗಕ್ಕೂ, 18 ವರ್ಷದೊಳಗಿನವರನ್ನು ಅಪಾಯಕರ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ನಿಮ್ಮ ವಯಸ್ಸಿನವರೇ ಈ ಕಾನೂನಿನ ಎರಡೂ ಬದಿಯಲ್ಲಿದ್ದಾರೆ ಎಂಬುದನ್ನು ಗಮನಿಸಬೇಕು. ಮಂಡಕ್ಕಿ ತಿನ್ನುವುದನ್ನು ಬಿಡಿ ಎಂದು ನಾನು ಹೇಳುವವನಲ್ಲ. ತಿನ್ನುವುದನ್ನು ಬಿಟ್ಟರೆ ಆ ಮನೆಗಳ ಒಲೆ ಆರುತ್ತದೆ, ಮಗು ಶಾಲೆಗೆ ಹೋಗುವುದಿಲ್ಲ. ಒಳ್ಳೆಯ ಒಲೆ, ಎತ್ತರದ ಚಿಮಣಿ, ಅಕ್ಕಿಯ ಹೊಟ್ಟಿನಂತಹ ಉರುವಲು, ಸರಿಯಾದ ಕೂಲಿ ಇವು ಆಗಬೇಕಾದ ಕೆಲಸಗಳು. ಯಂತ್ರಗಳೂ ಬಂದಿವೆ. ಆದರೆ ಯಂತ್ರ ಕೊಳ್ಳಲಾರದ ಸಣ್ಣ ಭಟ್ಟಿಯವನು ಏನು ಮಾಡಬೇಕು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ.

ಈಗ ಎರಡನೆಯ ಕಸುಬು, ಹುಳಿಸುವುದು. ಅದಕ್ಕೂ ದಾವಣಗೆರೆಯಲ್ಲೇ ದಾರಿಯಿದೆ: ಬೆಣ್ಣೆದೋಸೆ. 1928ರ ಸುಮಾರಿಗೆ ಬೆಳಗಾವಿಯ ಕಡೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬ ತಾಯಿ ರಾಗಿ ದೋಸೆ ಹಾಕಿ ಮಾರುತ್ತಿದ್ದರು, ಮುಂದೆ ಅದೇ ಬೆಣ್ಣೆದೋಸೆಯಾಯಿತು ಎಂದು ಊರಿನಲ್ಲಿ ಹೇಳುತ್ತಾರೆ. ಅಕ್ಕಿ, ಉದ್ದಿನ ಜೊತೆಗೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುವುದು ಇದರ ವಿಶೇಷ. ಹುರಿಯುವ ಭಟ್ಟಿ ಮತ್ತು ಹುಳಿಯುವ ಹಿಟ್ಟು ಒಂದೇ ಕಾವಲಿಯ ಮೇಲೆ ಕೂಡಿದವು. ರಾತ್ರಿಯಿಡೀ ಹಿಟ್ಟು ಉಬ್ಬುವುದು ಕಣ್ಣಿಗೆ ಕಾಣದ ಜೀವಿಗಳಿಂದ. ಲ್ಯೂಕೊನೋಸ್ಟಾಕ್, ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಗಳು ಹಿಟ್ಟಿನ ಸಕ್ಕರೆಯನ್ನು ತಿಂದು ಆಮ್ಲವನ್ನೂ ಅನಿಲವನ್ನೂ ಬಿಡುತ್ತವೆ. ಚಳಿಗಾಲದಲ್ಲಿ ಹಿಟ್ಟು ಉಬ್ಬಲಿಲ್ಲವೆಂದು ಅಮ್ಮ ಗೊಣಗುವುದು ಈ ಜೀವಿಗಳ ಸೋಮಾರಿತನವನ್ನು ಕುರಿತೇ.

ಬ್ಯಾಕ್ಟೀರಿಯದ ಜಾಗಕ್ಕೆ ಯೀಸ್ಟ್ ಬಂದರೆ ಸಕ್ಕರೆಯಿಂದ ಆಲ್ಕೊಹಾಲು ಆಗುತ್ತದೆ. ಹಳ್ಳದ ದಂಡೆಯ ಈಚಲು ಮರದಿಂದ ನಸುಕಿನಲ್ಲಿ ಇಳಿಸಿದ ರಸ ಸಿಹಿ ನೀರಾ. ಅದೇ ಮಧ್ಯಾಹ್ನಕ್ಕೆ ಹೆಂಡ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯ ಎಂಬವರಿದ್ದರು; ತಮ್ಮ ಕಸುಬಿನ ಮಾತುಗಳಲ್ಲೇ ವಚನ ಹೇಳಿದವರು. ಕಾಳಿನಿಂದ ಮಾಡುವುದು ಇನ್ನೂ ಸ್ವಲ್ಪ ಸುತ್ತುದಾರಿ, ಏಕೆಂದರೆ ಯೀಸ್ಟಿಗೆ ಪಿಷ್ಟ ಜೀರ್ಣವಾಗುವುದಿಲ್ಲ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಒಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಆಮೇಲೆ ಒಣಗಿಸಿದರೆ ಮಾಲ್ಟ್. ಕೂಸಿಗೆ ಕುಡಿಸುವ ರಾಗಿ ಮಾಲ್ಟು ಇದೇ ವಿದ್ಯೆ. ಬಾರ್ಲಿಗೆ, ಅಂದರೆ ಜವೆಗೋಧಿಗೆ, ಹೀಗೆ ಮಾಡಿ ಕುದಿಸಿ, ಹಾಪ್ಸ್ ಎಂಬ ಕಹಿ ಹೂವು ಸೇರಿಸಿ ಯೀಸ್ಟಿಗೆ ಒಪ್ಪಿಸಿದರೆ ಬಿಯರು. ಮಾಲ್ಟನ್ನು ಕಪ್ಪಾಗುವಂತೆ ಹುರಿದರೆ ಬಿಯರೂ ಕಪ್ಪಾಗುತ್ತದೆ. ಡೇನಿಯಲ್ ವೀಲರ್ ಎಂಬ ಆಂಗ್ಲ ಅದನ್ನು ಸುಡದಂತೆ ಹುರಿಯುವ ಉರುಳೆಗೆ 1817ರಲ್ಲಿ ಪೇಟೆಂಟ್ ಪಡೆದ.

ನಮ್ಮ ರಾಜ್ಯದಲ್ಲಿ ಬಿಯರಿನ ಊರು ಬೆಂಗಳೂರು. 1809ರಲ್ಲಿ ಅಲ್ಲಿ ದಂಡು ಪ್ರದೇಶ ಬೆಳೆಯತೊಡಗಿತು. ಬಿಳಿಯ ಸಿಪಾಯಿಗಳ ಬಾಯಾರಿಕೆಗೆ ಬ್ರೂವರಿಗಳು ಬಂದವು, ಪೀಪಾಯಿಗಳು ಎತ್ತಿನ ಗಾಡಿಯಲ್ಲಿ ಸಾಗಿದವು. 1915ರಲ್ಲಿ ಥಾಮಸ್ ಲೀಷ್ಮನ್ ಎಂಬ ಸ್ಕಾಟ್ಲೆಂಡಿನವರು ದಕ್ಷಿಣ ಭಾರತದ ಐದು ಬ್ರೂವರಿಗಳನ್ನು ಕೂಡಿಸಿ ಯುನೈಟೆಡ್ ಬ್ರೂವರೀಸ್ ಕಟ್ಟಿದರು. 1947ರಲ್ಲಿ ವಿಠಲ ಮಲ್ಯ ಅದರ ಮೊದಲ ಭಾರತೀಯ ನಿರ್ದೇಶಕರಾದರು. 1980ರ ದಶಕದಿಂದ ನಗರಕ್ಕೆ ಪಬ್‌ಗಳ ಊರೆಂಬ ಹೆಸರು ಅಂಟಿತು. 2010ರಿಂದೀಚೆಗೆ ಅಂಗಡಿಯಲ್ಲೇ ಕಡಾಯಿ ಇಟ್ಟು ಬಿಯರ್ ಕಾಯಿಸುವ ಸಣ್ಣ ಬ್ರೂವರಿಗಳು ಬಂದಿವೆ. ಅಲ್ಲಿ ಉಪ್ಪು ಹಚ್ಚಿದ ಹುರಿದ ಶೇಂಗಾ ಮೊದಲೇ ಮೇಜಿಗೆ ಬರುವುದು ಔದಾರ್ಯವಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕಷ್ಟೆ; ಅಲ್ಲಿ ನೀರಲ್ಲ.

ಕಾಲೇಜಿನವರಿಗೆ ಬ್ರೂವರಿ ಕೊಟ್ಟದ್ದು ಬೇರೆಯೇ ಇದೆ. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಬ್ರೂವರಿಯ ಪ್ರಯೋಗಾಲಯದಲ್ಲಿ ಎಮಿಲ್ ಹ್ಯಾನ್ಸನ್ 1883ರಲ್ಲಿ ಯೀಸ್ಟಿನ ಶುದ್ಧ ತಳಿಯನ್ನು ಬೇರ್ಪಡಿಸಿದರು. ಅಲ್ಲಿಯೇ 1909ರಲ್ಲಿ ಸೋರೆನ್‌ಸನ್ ಆಮ್ಲೀಯತೆಯನ್ನು ಅಳೆಯುವ ಪಿ.ಎಚ್. ಮಾನವನ್ನು ರೂಪಿಸಿದರು. ಸಂಖ್ಯಾಶಾಸ್ತ್ರದಲ್ಲಿ ‘ಸ್ಟೂಡೆಂಟ್ ಟಿ’ ಪರೀಕ್ಷೆ ಓದುತ್ತೀರಿ. ಆ ‘ಸ್ಟೂಡೆಂಟ್’ ಡಬ್ಲಿನ್ನಿನ ಗಿನ್ನೆಸ್ ಬ್ರೂವರಿಯಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್; ಸಿಬ್ಬಂದಿ ಸ್ವಂತ ಹೆಸರಿನಲ್ಲಿ ಪ್ರಕಟಿಸಬಾರದೆಂಬ ಕಟ್ಟಳೆಯಿಂದ 1908ರಲ್ಲಿ ಈ ಹೆಸರು ಹಾಕಿದರು. ಕೆಲವೇ ಮಾದರಿ ಬಾರ್ಲಿಯಿಂದ ಇಡೀ ಬೆಳೆಯ ಗುಣ ಊಹಿಸಬೇಕಾದ ಒತ್ತಾಯದಿಂದ ಹುಟ್ಟಿದ ಗಣಿತ ಅದು. ಗುಟುಕು ಕುಡಿಯದೆಯೇ ಬ್ರೂವರಿಯಿಂದ ಇಷ್ಟು ಪಡೆಯಬಹುದು.

ಕುಡಿತದ ಲೆಕ್ಕ ಇನ್ನೊಂದು ಪುಸ್ತಕದಲ್ಲಿದೆ. ಆಲ್ಕೊಹಾಲು 78 ಡಿಗ್ರಿಗೆ ಕುದಿಯುತ್ತದೆ, ನೀರು 100ಕ್ಕೆ. ಈ ವ್ಯತ್ಯಾಸವೇ ಸಾರಾಯಿ ಭಟ್ಟಿಯ ಬಂಡವಾಳ. ಕಳ್ಳಬಟ್ಟಿಯಲ್ಲಿ ಮೆಥನಾಲ್ ಬೆರೆತರೆ ಮೊದಲು ಕಣ್ಣು, ಆಮೇಲೆ ಜೀವ ಹೋಗುತ್ತದೆ. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯಕ್ಕೆ ಮುನ್ನೂರಕ್ಕೂ ಹೆಚ್ಚು ಜನ ಬಲಿಯಾದರು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಮರುವರ್ಷದ ಮೇ ತಿಂಗಳಲ್ಲೇ ಕರ್ನಾಟಕ-ತಮಿಳುನಾಡು ಗಡಿಯಲ್ಲಿ ಕಳ್ಳಮದ್ಯ ಮತ್ತೆ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಹೇಳುತ್ತದೆ. 2023–24ರಲ್ಲಿ ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ ಬಂದದ್ದು 30 ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಈ ಎರಡನ್ನೂ ಒಂದೇ ಸರ್ಕಾರ ಹೊತ್ತು ನಡೆಯಬೇಕಾಗಿದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್ ನಡೆದ ಹೆಣ್ಣುಮಕ್ಕಳು ಕೇಳಿದ್ದು ಮದ್ಯ ನಿಷೇಧವನ್ನು. ಅವರಲ್ಲಿ ಹೆಚ್ಚಿನವರು ಹಳ್ಳಿಯ ಕೂಲಿಯವರು. ಕೂಲಿಯ ದುಡ್ಡು ಮನೆ ಮುಟ್ಟುವ ಮೊದಲೇ ಅಂಗಡಿ ಮುಟ್ಟುವುದನ್ನು ಕಂಡವರು. ಸಾರಾಯಿ ಹೋಗಿ ಬಾಟಲಿ, ಪ್ಯಾಕೆಟ್ಟು ಬಂದದ್ದರಿಂದ ಅವರ ಮನೆಯಲ್ಲಿ ಏನೂ ಬದಲಾಗಲಿಲ್ಲ. ಸಣ್ಣ ಪ್ರಮಾಣದ ಮದ್ಯ ಆರೋಗ್ಯಕ್ಕೆ ಒಳ್ಳೆಯದೆಂಬ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಪಟ್ಟಿಗೆ ಸೇರಿಸಿದೆ.

ರಜೆಯಲ್ಲಿ ದಾವಣಗೆರೆಗೆ ಹೋದಾಗ ಮಾಲೀಕರ ಅನುಮತಿ ಪಡೆದು, ಅಧ್ಯಾಪಕರೊಡನೆ ಒಂದು ಭಟ್ಟಿಯನ್ನು ನೋಡಿ ಬನ್ನಿ. ಒಂದು ಸೇರು ಅಕ್ಕಿಗೆ ಎಷ್ಟು ಸೇರು ಮಂಡಕ್ಕಿ ಆಯಿತು, ಒಲೆಗೆ ಏನು ಹಾಕುತ್ತಾರೆ, ಒಂದು ಚೀಲಕ್ಕೆ ಕೂಲಿ ಎಷ್ಟು ಎಂದು ಬರೆದುಕೊಳ್ಳಿ. ಜರಡಿ ಹಿಡಿದವರು ಯಾವ ತರಗತಿಯವರೆಗೆ ಓದಿದರು ಎಂಬುದನ್ನೂ ಕೇಳಿ. ನಸುಕಿನಲ್ಲೇ ಹೊರಡಬೇಕು; ಹೊತ್ತೇರಿದ ಮೇಲೆ ಹೋದರೆ ಒಲೆ ಆರಿ, ಚೀಲಗಳು ಗಾಡಿ ಏರಿರುತ್ತವೆ.