ಪ್ರವೃತ್ತಿಯೂ ಅದರ ಪರಿಸರವೂ

ಮನುಷ್ಯನು ಮಾಡತಕ್ಕ ಕೆಲಸವನ್ನು ಸರಿಯಾಗಿ ಅರಿಯುವ ಬಗೆ ಯಾವುದು ಎಂಬುದೇ ಇಂದಿನ ವಿಷಯವು. ಕೆಲಸವು ಎಲ್ಲರ ಕಣ್ಣಿಗೂ ಕಾಣುವಂಥದು. ಅದನ್ನು ಅರಿಯುವುದರಲ್ಲಿ ಕಷ್ಟವೇನೆಂದು ಕೆಲವರು ಕೇಳಬಹುದು. ಕಣ್ಣಿಗೆ ಕಾಣುವುದು ಕೈಕಾಲುಗಳ ಚಲನೆ ಮಾತ್ರ. ಕೆಲಸವು ಅಷ್ಟರಲ್ಲಿಯೇ ಮುಗಿಯುವುದಿಲ್ಲವೆಂಬುದಕ್ಕೆ ಒಂದು ದೃಷ್ಟಾಂತವುಂಟು.

ಕಾಡಿನಲ್ಲಿ ಹಸಿದ ಮನುಷ್ಯನೊಬ್ಬನು ಗದ್ದಲವೆಬ್ಬಿಸಿ ಮೃಗಗಳನ್ನು ತನ್ನಿಂದ ದೂರಕ್ಕೆ ಓಡಿಸುತ್ತಿದ್ದಾನೆ. ಇವನೊಬ್ಬನನ್ನೇ ನೋಡಿದವರು, ಆಹಾರ ಬೇಕಾದವನು ಆಹಾರವನ್ನೇ ಅಟ್ಟುತ್ತಿರುವನಲ್ಲಾ ಎಂದು ನಗಬಹುದು. ಆದರೆ ಆ ಮೃಗಗಳು ಓಡಿಹೋಗುವ ದಿಕ್ಕಿನಲ್ಲಿ ಅವನ ಸಂಗಡಿಗರು ಹೊಂಚುಹಾಕಿ ಕುಳಿತಿದ್ದಾರೆ. ಬೇಟೆ ಮುಗಿದ ಮೇಲೆ ಇವನಿಗೂ ಪಾಲುಂಟು. ಇಷ್ಟನ್ನು ತಿಳಿದ ಕ್ಷಣವೇ ಅವಿವೇಕವೆಂದು ತೋರಿದುದು ವಿವೇಕವಾಗುತ್ತದೆ. ಚಲನೆಯು ಅದೇ, ಅದರ ಅರ್ಥವು ಮಾತ್ರ ಸಮುದಾಯದಲ್ಲಿ ಅಡಗಿದ್ದಿತು.

ಈ ದೃಷ್ಟಾಂತವನ್ನು ಹೇಳಿದವನು ಆಗಿನ ಸೋವಿಯತ್ ಒಕ್ಕೂಟದ ಮನಶ್ಶಾಸ್ತ್ರಜ್ಞನಾದ ಅಲೆಕ್ಸೆಯ್ ಲಿಯೊಂಟಿಯೆವ್ (1903–1979). ಇವನು ಲೆವ್ ವಿಗೋಟ್ಸ್ಕಿ (1896–1934) ಎಂಬ ಪ್ರತಿಭಾಶಾಲಿಯ ಜತೆಗಾರನಾಗಿದ್ದವನು. ವಿಗೋಟ್ಸ್ಕಿಯು ಕ್ಷಯರೋಗದಿಂದ 37ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಮನುಷ್ಯನು ಲೋಕವನ್ನು ಬರಿಗೈಯಿಂದ ಮುಟ್ಟುವುದಿಲ್ಲ, ಬರಿಮನಸ್ಸಿನಿಂದ ಅರಿಯುವುದೂ ಇಲ್ಲ. ಹಿಂದಿನವರು ಮಾಡಿಟ್ಟ ಉಪಕರಣಗಳೂ ಭಾಷೆ, ಲಿಪಿ, ಸಂಖ್ಯೆ ಮೊದಲಾದ ಸಂಕೇತಗಳೂ ನಡುವೆ ನಿಂತು ಅವನ ಮನಸ್ಸನ್ನೇ ರೂಪಿಸುತ್ತವೆ ಎಂಬುದು ಅವನ ಮುಖ್ಯವಾದ ಅಭಿಪ್ರಾಯವು. ಈ ಬೀಜದಿಂದ ಬೆಳೆದ ವಿಚಾರಸರಣಿಗೆ ಚಟುವಟಿಕೆಯ ಸಿದ್ಧಾಂತವೆಂದು ಹೆಸರು. ಶಾಸ್ತ್ರದ ಮಾತಿನಲ್ಲಿ ನಾವು ಇದನ್ನು ಪ್ರವೃತ್ತಿಸಿದ್ಧಾಂತವೆನ್ನಬಹುದು.

ಲಿಯೊಂಟಿಯೆವನು ಕೆಲಸದಲ್ಲಿ ಮೂರು ಅಂತಸ್ತುಗಳನ್ನು ಕಂಡನು. ಮೇಲಿನದು ಪ್ರವೃತ್ತಿ, ಅದನ್ನು ನಡೆಯಿಸತಕ್ಕುದು ಪ್ರೇರಣೆ. ನಡುವಿನದು ಕ್ರಿಯೆ, ಅದಕ್ಕೆ ತಿಳಿದು ಇಟ್ಟುಕೊಂಡ ಗುರಿಯುಂಟು. ಕೆಳಗಿನದು ಅಭ್ಯಾಸದಿಂದ ತಾನಾಗಿ ನಡೆಯುವ ವ್ಯಾಪಾರ. ಅದು ಆಗಿನ ಸ್ಥಿತಿಗತಿಗಳನ್ನು ಅನುಸರಿಸುತ್ತದೆ. ಬೇಟೆಯಲ್ಲಿ ಆಹಾರವು ಪ್ರೇರಣೆ, ಮೃಗವನ್ನು ಅಟ್ಟುವುದು ಗುರಿ, ನೆಲದ ಏರುತಗ್ಗುಗಳಿಗೆ ತಕ್ಕಂತೆ ಹೆಜ್ಜೆಯಿಡುವುದು ವ್ಯಾಪಾರ. ಈ ಅಂತಸ್ತುಗಳು ಸ್ಥಿರವಾದುವಲ್ಲ. ಅಕ್ಷರ ಕಲಿಯುವ ಬಾಲಕನಿಗೆ ಒಂದೊಂದು ಗೆರೆಯೂ ಒಂದೊಂದು ಕ್ರಿಯೆ. ಅವನ ಮನಸ್ಸೆಲ್ಲವೂ ಆ ಗೆರೆಯಲ್ಲಿಯೇ ಇರುತ್ತದೆ. ಬರೆದು ನುರಿತವನಿಗೆ ಅಕ್ಷರವು ತಾನಾಗಿ ಬೀಳುತ್ತದೆ, ಮನಸ್ಸು ಅರ್ಥದಲ್ಲಿರುತ್ತದೆ. ಲೇಖನಿಯ ಮೊನೆ ಮುರಿದರೆ ಆ ನುರಿತವನೂ ಪುನಃ ಗೆರೆಯ ಮೇಲೆಯೇ ಲಕ್ಷ್ಯವಿಡಬೇಕಾಗುತ್ತದೆ.

ಇದು ಬರಿಯ ತರ್ಕವೋ, ಅನುಭವಕ್ಕೆ ನಿಲ್ಲತಕ್ಕುದೋ ಎಂಬ ಪ್ರಶ್ನೆಗೆ ಉತ್ತರವು ಯುದ್ಧಕಾಲದ ಆಸ್ಪತ್ರೆಯಿಂದ ಬಂದಿತು. ಎರಡನೆಯ ಮಹಾಯುದ್ಧದಲ್ಲಿ ಕೈಗಳಿಗೆ ಗಾಯವಾದ ಸೈನಿಕರ ಶುಶ್ರೂಷೆಯಲ್ಲಿ ಲಿಯೊಂಟಿಯೆವನೂ ಅವನ ಸಹೋದ್ಯೋಗಿಯಾದ ಜಪರೋಜೆತ್ಸನೂ ತೊಡಗಿದ್ದರು. ಅವರ ಗ್ರಂಥವು 1945ರಲ್ಲಿ ಹೊರಬಂದಿತು. ಕೈಯನ್ನು ಆದಷ್ಟು ಎತ್ತೆಂದು ಸುಮ್ಮನೆ ಹೇಳಿದಾಗ ರೋಗಿಯು ಒಂದು ಮಟ್ಟದವರೆಗೆ ಎತ್ತುತ್ತಿದ್ದನು. ಮೇಲಿರುವ ವಸ್ತುವನ್ನು ಹಿಡಿಯೆಂದಾಗ ಅದೇ ಕೈಯು ಅದಕ್ಕಿಂತ ಮೇಲಕ್ಕೆ ಹೋಗುತ್ತಿದ್ದಿತು. ಗಾಯವೂ ಅದೇ, ಸ್ನಾಯುವೂ ಅದೇ. ಕಾರ್ಯವು ಬದಲಾದುದರಿಂದ ಶಕ್ತಿಯೂ ಬದಲಾಯಿತು. ಆದಕಾರಣ ಬರಿಯ ವ್ಯಾಯಾಮಕ್ಕಿಂತ ಅರ್ಥವುಳ್ಳ ಕೆಲಸವೇ ಅಂಥವರಿಗೆ ಔಷಧವೆಂದು ಅವರು ಕಂಡರು. ಒಬ್ಬನ ಸಾಮರ್ಥ್ಯವು ಇಷ್ಟೇ ಎಂದು ಅಳೆದುಬಿಡುವ ಮೊದಲು, ಅವನ ಮುಂದೆ ನಾವು ಇಟ್ಟ ಕಾರ್ಯವೆಂಥದು ಎಂಬುದನ್ನೂ ಅಳೆಯಬೇಕೆಂಬುದು ಇದರಿಂದ ಸಿದ್ಧವಾಗುತ್ತದೆ.

ವ್ಯಾಕರಣವನ್ನು ಓದಿದವರಿಗೆ ಇಲ್ಲಿ ಕಾರಕಗಳ ನೆನಪಾಗದಿರದು. ಸ್ವತಂತ್ರನಾಗಿ ಮಾಡುವವನು ಕರ್ತೃ. ಅವನು ಎಲ್ಲಕ್ಕಿಂತ ಹೆಚ್ಚಾಗಿ ಪಡೆಯಲಿಚ್ಛಿಸುವುದು ಕರ್ಮ. ಅದಕ್ಕೆ ಪರಮ ಸಾಧನವಾದುದು ಕರಣ. ಫಿನ್‌ಲ್ಯಾಂಡ್ ದೇಶದ ಯೂರ್ಯೊ ಎಂಗೆಸ್ಟ್ರೋಮ್ ಎಂಬ ವಿದ್ವಾಂಸರು 1987ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಪ್ರವೃತ್ತಿಗೆ ಆರು ಅಂಗಗಳನ್ನು ಹೇಳಿದ್ದಾರೆ. ಮಾಡುವವನು, ಉದ್ದಿಷ್ಟವಸ್ತು, ಉಪಕರಣ ಎಂಬ ಮೂರು ನಮ್ಮ ಕರ್ತೃಕರ್ಮಕರಣಗಳಿಗೆ ಸಮೀಪವಾದುವು. ಉಳಿದ ಮೂರು ನಿಯಮ, ಸಮುದಾಯ, ಶ್ರಮವಿಭಾಗ. ನಮ್ಮ ಕಾರಕಗಳೂ ಆರೇ ಆದರೂ ಸಂಖ್ಯೆಯು ಒಂದಾದ ಮಾತ್ರಕ್ಕೆ ವಸ್ತುವು ಒಂದಾಗುವುದಿಲ್ಲ. ಅಧಿಕರಣವು ಕ್ರಿಯೆಗೆ ಆಧಾರ ಮಾತ್ರ. ಸಮುದಾಯವಾದರೋ ಕರ್ತೃವನ್ನೇ ತಿದ್ದುತ್ತದೆ. ಕಾರಕವು ವಾಕ್ಯದ ಅನ್ವಯವನ್ನು ತಿಳಿಸುತ್ತದೆ. ಈ ಸಿದ್ಧಾಂತವು ಬಾಳಿನ ಅನ್ವಯವನ್ನು ಹುಡುಕುತ್ತದೆ. ಕಾಯಕವೆಂಬ ಮಾತನ್ನು ದಿನವೂ ಕೇಳುವ ನಾವು, ಇದೆಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತೆಂದು ಹೇಳಿ ಪುಸ್ತಕವನ್ನು ಮುಚ್ಚಿಬಿಡುವುದೂ ಯುಕ್ತವಲ್ಲ. ಪರರ ವಿಚಾರವನ್ನು ಅದರ ನೆಲೆಯಲ್ಲಿಯೇ ಅರಿತ ಮೇಲೆ ಹೋಲಿಕೆಗೆ ಬೆಲೆಯುಂಟು.

ಎಂಗೆಸ್ಟ್ರೋಮರ ಇನ್ನೊಂದು ಮಾತು ವಿರೋಧಗಳನ್ನು ಕುರಿತದ್ದು. ಅಂಗಗಳ ನಡುವೆ ಹೊಂದಿಕೆ ತಪ್ಪಿದಾಗ ಕೆಲಸವು ಕುಂಟುತ್ತದೆ. ಹೆಲ್ಸಿಂಕಿ ನಗರದಲ್ಲಿ ಬಹುಕಾಲದ ಅನೇಕ ರೋಗಗಳಿಂದ ನರಳುವ ಮಕ್ಕಳ ಚಿಕಿತ್ಸೆಯನ್ನು ಅವರ ಬಳಗವು ಪರಿಶೀಲಿಸಿತು. ಮಗುವು ಆಸ್ಪತ್ರೆಯಿಂದ ಆರೋಗ್ಯಕೇಂದ್ರಕ್ಕೆ, ಒಬ್ಬ ತಜ್ಞನಿಂದ ಇನ್ನೊಬ್ಬನೆಡೆಗೆ ಅಲೆಯುತ್ತಿದ್ದಿತು. ಪ್ರತಿಯೊಬ್ಬ ವೈದ್ಯನೂ ತನ್ನ ಪಾಲಿನ ಕೆಲಸವನ್ನು ಮಾಡುತ್ತಿದ್ದನು. ಆದರೆ ಮಗುವಿನ ಒಟ್ಟು ಚಿಕಿತ್ಸೆಯು ಯಾರ ಪಾಲಿಗೂ ಸೇರಿರಲಿಲ್ಲ. ದೋಷವು ಒಬ್ಬನಲ್ಲಿರದೆ ಶ್ರಮವಿಭಾಗದಲ್ಲಿಯೂ ನಿಯಮದಲ್ಲಿಯೂ ಇದ್ದಿತು. ಆಮೇಲೆ ತಂದೆತಾಯಿಗಳನ್ನೂ ಎಲ್ಲ ವೈದ್ಯರನ್ನೂ ಒಳಗೊಂಡ ಚಿಕಿತ್ಸೆಯ ಒಪ್ಪಂದವೆಂಬ ಹೊಸ ಉಪಕರಣವನ್ನು ಕಲ್ಪಿಸಿದರು. ಹೀಗೆ ವಿರೋಧವು ಕೆಡುಕಿಗೆ ಕಾರಣವಾಗಿದ್ದರೂ, ಅದನ್ನು ಕಣ್ಣಿಟ್ಟು ನೋಡಿದವರಿಗೆ ಕಲಿಕೆಯ ಬಾಗಿಲೂ ಆಗುತ್ತದೆ.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಎಲ್ಲವನ್ನೂ ಪರಿಸರದ ಮೇಲೆ ಹೊರಿಸಿದರೆ ಮಾಡುವವನ ಹೊಣೆಯೇನಾಯಿತು? ಆಲಸಿಗೆ ಇದೊಂದು ನೆಪವಾಗಲಾರದೇ? ಈ ಆಕ್ಷೇಪಣೆಯು ಹಗುರವಾದುದಲ್ಲ. ಒಂದು ಪ್ರವೃತ್ತಿಯು ಎಲ್ಲಿ ಮೊದಲಾಗಿ ಎಲ್ಲಿ ಮುಗಿಯುವುದೆಂದು ಗೆರೆಯೆಳೆಯುವುದೂ ಸುಲಭವಲ್ಲ. ಎಳೆಯುವವನ ಇಷ್ಟವು ಅದರಲ್ಲಿ ಸೇರಿಕೊಳ್ಳಬಹುದು. ಆದರೂ ಸಮಾಧಾನವಿಷ್ಟು: ಮಾಡುವವನು ಆರು ಅಂಗಗಳಲ್ಲಿ ಒಂದು, ಅವನನ್ನು ಬಿಟ್ಟರೆ ಪ್ರವೃತ್ತಿಯೇ ಇಲ್ಲ. ಇದಲ್ಲದೆ ನಿಯಮಗಳೂ ಶ್ರಮವಿಭಾಗವೂ ಆಕಾಶದಿಂದ ಬಿದ್ದುವಲ್ಲ. ಮನುಷ್ಯರು ಮಾಡಿದುವು, ಮನುಷ್ಯರು ತಿದ್ದತಕ್ಕುವು. ತನ್ನ ಪಾಲನ್ನು ಮುಗಿಸಿ ಕೈತೊಳೆದುಕೊಳ್ಳುವವನ ಹೊಣೆಗಿಂತ, ಇಡಿಯ ಕಾರ್ಯವನ್ನು ಕಂಡು ಅದನ್ನು ತಿದ್ದಲು ಕೂಡುವವನ ಹೊಣೆಯು ದೊಡ್ಡದು. ಆದುದರಿಂದ ಹೊಣೆಯು ಇಲ್ಲಿ ಕುಗ್ಗಲಿಲ್ಲ, ಹಿಗ್ಗಿತು.

ಈ ಸಭೆಯಲ್ಲಿ ಪಾಠ ಹೇಳುವವರಿದ್ದೀರಿ, ಲೆಕ್ಕ ಬರೆಯುವವರಿದ್ದೀರಿ, ಹತ್ತಾರು ಮಂದಿಯಿಂದ ದುಡಿಸುವ ಯಜಮಾನರಿದ್ದೀರಿ. ಕೆಲಸವು ಕೆಟ್ಟಾಗ ನಮ್ಮ ಬಾಯಿಗೆ ಮೊದಲು ಬರುವ ಮಾತು, ಅವನು ಮಂದಮತಿ, ಇವನು ಮೈಗಳ್ಳ ಎಂಬುದು. ಆ ಮಾತು ಒಬ್ಬನ ಅನ್ನವನ್ನು ಕಳೆಯಬಲ್ಲದು. ಒಬ್ಬ ಬಾಲಕನ ವಿದ್ಯೆಯನ್ನು ಅಲ್ಲಿಗೇ ನಿಲ್ಲಿಸಬಲ್ಲದು. ಅದನ್ನಾಡುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳೋಣ. ಈ ಕೆಲಸವು ಏತಕ್ಕಾಗಿ ಎಂಬುದು ಅವನಿಗೆ ತಿಳಿದಿದೆಯೇ? ತಕ್ಕ ಉಪಕರಣವನ್ನು ಕೊಟ್ಟಿದ್ದೇವೆಯೇ? ನಮ್ಮ ಕಟ್ಟಳೆಯೇ ಅವನ ಕೈಯನ್ನು ಕಟ್ಟಿಲ್ಲವಷ್ಟೆ? ಬೇಟೆ ಮುಗಿದ ಮೇಲೆ ಅವನ ಪಾಲು ಅವನಿಗೆ ಸಲ್ಲುವುದೇ? ಇವಕ್ಕೆ ನ್ಯಾಯವಾದ ಉತ್ತರವನ್ನು ಪಡೆದ ಮೇಲೂ ದೋಷವು ಅವನಲ್ಲಿಯೇ ಉಳಿದರೆ ಆಗ ದಂಡಿಸಬಹುದು. ಕೇಳದೆ ದಂಡಿಸುವುದು ವಿಚಾರವಂತರಿಗೆ ತಕ್ಕುದಲ್ಲ.