ಇಳಿವಯಸ್ಸಿನಲ್ಲಿ ಊಟ, ಮನೆ ಮತ್ತು ಯಾತ್ರೆ

(ಮಹೋತ್ಸವದ ಉಪನ್ಯಾಸ ಸಭೆಯಲ್ಲಿ ಮಾಡಿದ ಭಾಷಣ)



ಮನುಷ್ಯನ ಆಯುಷ್ಯದಲ್ಲಿ ಬಾಲ್ಯ, ಯೌವನ, ವಾರ್ಧಕ್ಯಗಳೆಂದು ಮೂರು ಅವಸ್ಥೆಗಳುಂಟು. ಬಾಲಕರನ್ನು ಹೇಗೆ ಸಾಕಬೇಕು, ಯುವಕರು ಹೇಗೆ ದುಡಿಯಬೇಕು ಎಂಬುದನ್ನು ಹೇಳುವವರು ಬಹಳ ಮಂದಿ. ವಾರ್ಧಕ್ಯವನ್ನು ಕುರಿತಾದರೋ ವೈರಾಗ್ಯವನ್ನು ಬೋಧಿಸುವವರು ಉಂಟೇ ಹೊರತು, ಆ ವಯಸ್ಸಿನವರು ಹೊತ್ತಿಗೆ ಏನನ್ನು ಉಣ್ಣುತ್ತಾರೆ, ಯಾರ ಜೊತೆಯಲ್ಲಿ ಉಣ್ಣುತ್ತಾರೆ, ಮನೆಯ ಯಾವ ಮೂಲೆಯಲ್ಲಿ ಮಲಗುತ್ತಾರೆ, ಯಾವ ಊರನ್ನು ಇನ್ನೊಮ್ಮೆ ನೋಡಬೇಕೆಂದು ಆಶಿಸುತ್ತಾರೆ ಎಂಬ ಸಣ್ಣ ಸಂಗತಿಗಳನ್ನು ವಿಚಾರಿಸುವವರು ವಿರಳ. ಸಣ್ಣ ಸಂಗತಿಗಳೆಂದರೂ ವೃದ್ಧರ ದಿನವೆಲ್ಲಾ ಇವುಗಳಿಂದಲೇ ತುಂಬಿರುವುದಷ್ಟೆ. ಆದುದರಿಂದ ಹಾಸನ, ಹೊಳೇನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಂಬ ಈ ನಾಲ್ಕು ಸೀಮೆಗಳ ಸಂಸಾರಗಳನ್ನು ದೃಷ್ಟಿಯಲ್ಲಿಟ್ಟುಕೊಂಡು ಇವುಗಳನ್ನು ಪರಾಮರ್ಶಿಸುವುದು ಈ ಉಪನ್ಯಾಸದ ಉದ್ದೇಶವಾಗಿದೆ.

ವ್ಯಾಕರಣವನ್ನು ಓದತೊಡಗಿದ ಮಕ್ಕಳಿಗೆ ಕರ್ತೃ, ಕರ್ಮ, ಕ್ರಿಯಾಪದಗಳೆಂಬ ಮೂರನ್ನು ಮೊದಲು ಕಲಿಸುವರು. ಈ ಪಾಠವನ್ನು ಮನೆಯ ಮಾತುಗಳಿಗೆ ಅನ್ವಯಿಸಿ ನೋಡಬಹುದು. ತಂದೆತಾಯಿಗಳು ಶಕ್ತರಾಗಿರುವ ಕಾಲದಲ್ಲಿ "ಅಪ್ಪ ಹೊಲಕ್ಕೆ ಹೋದರು, ಅಪ್ಪ ಜಾತ್ರೆಗೆ ಹೊರಟರು, ಅವ್ವ ಹಿಟ್ಟು ತೊಳಸಿದರು, ಅವ್ವ ಎಲ್ಲರಿಗೂ ಬಡಿಸಿದರು" ಎಂದು ಮಕ್ಕಳು ಹೇಳುವರು. ಅಲ್ಲೆಲ್ಲಾ ಅವರೇ ಕರ್ತೃಗಳು. ವಯಸ್ಸು ಇಳಿದ ಮೇಲೆ ಆ ಮನೆಯಲ್ಲಿಯೇ "ಅಪ್ಪನನ್ನು ಬೆಂಗಳೂರಿಗೆ ಕರೆದುಕೊಂಡು ಹೋದೆವು, ಅಪ್ಪನನ್ನು ತಮ್ಮನ ಮನೆಯಲ್ಲಿ ಬಿಟ್ಟು ಬಂದೆವು, ಅವ್ವನಿಗೆ ಊಟ ಕೊಟ್ಟಾಯಿತು" ಎಂಬ ಮಾತುಗಳು ಕೇಳಿಬರುವುವು. ಪ್ರಥಮಾ ವಿಭಕ್ತಿಯಲ್ಲಿದ್ದವರು ದ್ವಿತೀಯೆಗೂ ಚತುರ್ಥಿಗೂ ಇಳಿದರು. ಕಣ್ಣು ಮಂಜಾಗುವುದು, ಮೊಣಕಾಲು ನೋಯುವುದು, ಹಲ್ಲು ಉದುರುವುದು ಕಾಲಧರ್ಮ, ಅದನ್ನು ತಡೆಯಲಾಗದು. ಈ ವಿಭಕ್ತಿಯ ಇಳಿತವಾದರೋ ಕಾಲಧರ್ಮವಲ್ಲ, ಮನೆಯವರ ಅಭ್ಯಾಸ. ಅಭ್ಯಾಸವಾದುದರಿಂದಲೇ ಅದನ್ನು ತಿದ್ದಬಹುದು. ವೃದ್ಧರನ್ನು ಊಟದಲ್ಲಿಯೂ ಮನೆಯಲ್ಲಿಯೂ ಯಾತ್ರೆಯಲ್ಲಿಯೂ ಕರ್ತೃಗಳನ್ನಾಗಿಯೇ ಉಳಿಸಿಕೊಳ್ಳತಕ್ಕದ್ದೆಂಬುದೇ ಇಲ್ಲಿಯ ಪ್ರತಿಜ್ಞೆ.

ಮೊದಲು ಊಟದ ವಿಚಾರ. ಈ ಸೀಮೆಯ ಮುಖ್ಯ ಆಹಾರವು ರಾಗಿ. ಹೇಮಾವತಿಯ ಕಾಲುವೆಯ ನೀರು ಹರಿಯುವ ಕಡೆ ಭತ್ತವುಂಟು, ಹಾಸನದ ಸುತ್ತ ಮಳೆಗಾಲದ ಆಲೂಗಡ್ಡೆಯುಂಟು, ಆದರೂ "ಹಿಟ್ಟು ಉಂಡಿರಾ?" ಎಂದು ಕೇಳುವುದೇ ಹಳ್ಳಿಗಳಲ್ಲಿ ಊಟವನ್ನು ವಿಚಾರಿಸುವ ಕ್ರಮ. ಹಿಂದಿನವರು ರಾಗಿಯನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿ ಬಾಯಿ ಮುಚ್ಚಿ, ವರ್ಷಗಟ್ಟಲೆ ಹುಳು ಬೀಳದಂತೆ ಕಾಪಾಡಿಕೊಳ್ಳುತ್ತಿದ್ದರು. ಕ್ಷಾಮದಲ್ಲಿ ಉಳಿಸಿದ ಧಾನ್ಯವೂ ಅದೇ. ಮುದ್ದೆಯ ಜೊತೆಗೆ ಸೊಪ್ಪು ಬೇಳೆಗಳನ್ನು ಬೇಯಿಸಿ ಬಸಿದ ಬಸ್ಸಾರು, ಉಪ್ಪೆಸರು, ಹುರುಳಿಯ ಕಟ್ಟಿನ ಸಾರು, ಮಾರ್ಗಶಿರ ಪುಷ್ಯಗಳಲ್ಲಿ ಸೊಗಡಿನ ಅವರೆಕಾಯಿ ಬಂದಾಗ ಹಿತಕಿದ ಬೇಳೆಯ ಸಾರು, ಕೊನೆಗೆ ಮಜ್ಜಿಗೆ.

ಈ ಊಟವು ವೃದ್ಧರಿಗೆ ಯೋಗ್ಯವೇ ಎಂದರೆ, ಬಹುಮಟ್ಟಿಗೆ ಯೋಗ್ಯವೇ ಹೌದು. ಮುದ್ದೆಯನ್ನು ಅಗಿಯುವ ಪದ್ಧತಿಯಿಲ್ಲ. ಸಾರಿನಲ್ಲಿ ಅದ್ದಿ ನುಂಗುವುದರಿಂದ ಹಲ್ಲಿಲ್ಲದವರಿಗೂ ತೊಂದರೆಯಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮಿಗಿಲಾಗಿ ಸುಣ್ಣದ ಅಂಶವಿರುವುದು. ಅಷ್ಟೇ ತೂಕದ ಬಿಳಿಯ ಅಕ್ಕಿಯಲ್ಲಿ 10 ಮಿಲಿಗ್ರಾಂ ದೊರೆಯುವುದೂ ಕಷ್ಟ. ಮೂಳೆಗಳು ಸವೆಯುವ ವಯಸ್ಸಿನಲ್ಲಿ ಇದು ಸಾಮಾನ್ಯವಾದ ಲಾಭವಲ್ಲ. ಸೊಪ್ಪಿನಿಂದ ಮಲಬದ್ಧತೆ ತಪ್ಪುವುದು. ಹುರುಳಿ, ಅವರೆ, ಹೆಸರುಗಳಿಂದ ಮಾಂಸಖಂಡಗಳಿಗೆ ಪುಷ್ಟಿ ದೊರೆಯುವುದು.

ಆದರೆ ಕೆಲವು ಎಚ್ಚರಿಕೆಗಳು ಅವಶ್ಯಕ. ಸಕ್ಕರೆ ರೋಗವುಳ್ಳವರು ಮುದ್ದೆಯನ್ನು ಎಷ್ಟು ಉಂಡರೂ ದೋಷವಿಲ್ಲವೆಂಬ ನಂಬಿಕೆ ಈ ಕಡೆಯಲ್ಲಿ ಬಲವಾಗಿದೆ. ಇದು ಸರಿಯಲ್ಲ. ರಾಗಿಯ ತೂಕದಲ್ಲಿ ಮೂರರಲ್ಲಿ ಎರಡು ಪಾಲು ಪಿಷ್ಟವೇ ಇರುವುದರಿಂದ ಎರಡು ದೊಡ್ಡ ಮುದ್ದೆಗಳು ಅನ್ನದಂತೆಯೇ ರಕ್ತದ ಸಕ್ಕರೆಯನ್ನು ಏರಿಸುವುವು. ಮುದ್ದೆ ಚಿಕ್ಕದಾಗಿ, ಸೊಪ್ಪು ಕಾಳುಗಳು ಹೆಚ್ಚಾಗಿ ಇರತಕ್ಕದ್ದು. ಪಾರ್ಶ್ವವಾಯುವಿನಿಂದಲೋ ಬೇರೆ ಕಾರಣದಿಂದಲೋ ನುಂಗಲು ಕಷ್ಟಪಡುವವರಿಗೆ ಮುದ್ದೆಯು ಗಂಟಲಿನಲ್ಲಿ ಸಿಕ್ಕಿಕೊಳ್ಳುವ ಭಯವುಂಟು; ಅಂತಹವರು ಏನನ್ನು ಯಾವ ಹದದಲ್ಲಿ ಸೇವಿಸಬಹುದೆಂಬುದನ್ನು ವೈದ್ಯರಲ್ಲಿಯೇ ಕೇಳಿ ತಿಳಿಯಬೇಕು. ಉಪ್ಪಿನಕಾಯಿ, ಸಂಡಿಗೆ, ಹಪ್ಪಳಗಳಲ್ಲಿ ಅಡಗಿರುವ ಉಪ್ಪು ರಕ್ತದ ಒತ್ತಡಕ್ಕೆ ಶತ್ರು. ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ವಯಸ್ಸಾದಂತೆ ಬಾಯಾರಿಕೆಯ ಅರಿವೇ ಕುಗ್ಗುವುದರಿಂದ, ಬಾಯಾರದಿದ್ದರೂ ಆಗಾಗ ನೀರನ್ನೋ ಉಪ್ಪಿಲ್ಲದ ನೀರುಮಜ್ಜಿಗೆಯನ್ನೋ ಕುಡಿಯುವ ಅಭ್ಯಾಸವೂ ಬೇಕು.

ಇಷ್ಟೆಲ್ಲಾ ತಿಳಿದ ಮನೆಯಲ್ಲಿಯೂ ವೃದ್ಧರು ಅರೆಹೊಟ್ಟೆಯಲ್ಲಿ ಮಲಗುವುದುಂಟು. ಕಾರಣವೇನು? ಉದಾಹರಣೆಗಾಗಿ ಅರಕಲಗೂಡಿನ ಕಡೆಯ ಯಾವುದಾದರೊಂದು ಹಳ್ಳಿಯಲ್ಲಿ ಒಬ್ಬಂಟಿಯಾಗಿರುವ ತಾಯಿಯೊಬ್ಬರನ್ನು ಭಾವಿಸಿಕೊಳ್ಳಬಹುದು. ಮಕ್ಕಳಿಬ್ಬರೂ ಬೆಂಗಳೂರಿನಲ್ಲಿ ಉದ್ಯೋಗಸ್ಥರು. ಮನೆಯಲ್ಲಿ ರಾಗಿಯ ಹಿಟ್ಟಿಗಾಗಲಿ ಬೇಳೆಗಾಗಲಿ ಕೊರತೆಯಿಲ್ಲ. ಮಕ್ಕಳು ತಿಂಗಳು ತಿಂಗಳೂ ಹಣ ಕಳುಹಿಸುವರು. ಆದರೆ ಮುದ್ದೆಯು ಒಬ್ಬರಿಗಾಗಿ ಹುಟ್ಟಿದ ಅಡಿಗೆಯಲ್ಲ. ಎಸರಿಟ್ಟು, ಹಿಟ್ಟು ಸುರಿದು, ಕೋಲು ಹಿಡಿದು ತೊಳಸುವುದಕ್ಕೆ ರಟ್ಟೆಯಲ್ಲಿ ಬಲ ಬೇಕು. ಬಲವಿದ್ದರೂ ಎದುರಿಗೆ ಕುಳಿತು ಉಣ್ಣುವವರು ಬೇಕು. ಹತ್ತು ಜನಕ್ಕೆ ಬಡಿಸಿದ ಕೈಗೆ ತನ್ನೊಬ್ಬಳ ತಟ್ಟೆಗೆ ಬಡಿಸಿಕೊಳ್ಳುವುದು ಬೇಸರವಾಗುವುದು. ಆ ತಾಯಿ ಒಂದು ಲೋಟ ಕಾಫಿಯನ್ನೂ ಅಂಗಡಿಯ ಒಂದು ಬನ್ನನ್ನೂ ಮುಗಿಸಿ ದೀಪವಾರಿಸುವಳು. ರಾತ್ರಿ ಮಗನು ಫೋನಿನಲ್ಲಿ "ಊಟ ಆಯ್ತೇನವ್ವಾ?" ಎಂದು ಕೇಳಿದರೆ "ಆಯ್ತು ಕಣಪ್ಪಾ" ಎಂದು ಉತ್ತರ ಕೊಡುವಳು. ಮಗನ ಪ್ರಶ್ನೆಯೂ ಪ್ರೀತಿಯಿಂದ ಬಂದದ್ದೇ, ತಾಯಿಯ ಉತ್ತರವೂ ಪ್ರೀತಿಯಿಂದ ಬಂದದ್ದೇ. ಹೊಟ್ಟೆ ಮಾತ್ರ ಬರಿದಾಗಿಯೇ ಉಳಿಯಿತು.

ಇಲ್ಲಿ ಕೊರತೆ ಅನ್ನದ್ದಲ್ಲ, ಪಂಕ್ತಿಯದು. ಶರಣರು ಕಾಯಕದ ಜೊತೆಯಲ್ಲಿಯೇ ದಾಸೋಹವನ್ನು ಹೇಳಿದುದರ ತಾತ್ಪರ್ಯವು ಅನ್ನವನ್ನು ಹಂಚುವುದಷ್ಟೇ ಅಲ್ಲ, ಜೊತೆಯಲ್ಲಿ ಕುಳಿತು ಸೇವಿಸುವುದೂ ಆಗಿದೆ. ನೆರೆಯ ಇಬ್ಬರು ಮೂವರು ಒಂಟಿ ವೃದ್ಧೆಯರು ಸರತಿಯಂತೆ ಒಬ್ಬರ ಮನೆಯಲ್ಲಿ ಹಿಟ್ಟು ತೊಳಸಿ ಒಟ್ಟಿಗೆ ಉಂಡರೆ ಖರ್ಚು ಹೆಚ್ಚುವುದಿಲ್ಲ, ಊಟ ತಪ್ಪುವುದಿಲ್ಲ. ಕೂಡಿರುವ ಸಂಸಾರಗಳಲ್ಲಿ ವೃದ್ಧರಿಗೆ ಮೊದಲೇ ಬಡಿಸಿ "ಮುಗಿಯಿತು" ಎನ್ನುವ ಪದ್ಧತಿಯನ್ನು ಬಿಟ್ಟು, ಅವರ ಹೊತ್ತಿಗೆ ಮನೆಯ ಒಬ್ಬರಾದರೂ ಜೊತೆಗೆ ಕೂರುವುದು ಮೇಲು.

ಎರಡನೆಯದು ಮನೆಯ ವಿಚಾರ. ಆಸ್ತಿ ಪಾಲಾದ ಮೇಲೆ ತಂದೆತಾಯಿಗಳನ್ನೂ ಪಾಲು ಮಾಡುವ ಪದ್ಧತಿ ಕೆಲವು ಮನೆಗಳಲ್ಲಿ ಬೆಳೆದಿದೆ. ಹಿರಿಯವನ ಮನೆಯಲ್ಲಿ ಒಂದು ತಿಂಗಳು, ಕಿರಿಯವನ ಮನೆಯಲ್ಲಿ ಒಂದು ತಿಂಗಳು. ಕೆಲವೆಡೆ ತಂದೆ ಒಬ್ಬನಲ್ಲಿ, ತಾಯಿ ಇನ್ನೊಬ್ಬನಲ್ಲಿ. ಐವತ್ತು ವರ್ಷ ಒಂದೇ ಒಲೆಯ ಅನ್ನ ಉಂಡ ದಂಪತಿಗಳು ಹೀಗೆ ಅಗಲುವುದು ಎಂತಹ ಶೋಚನೀಯ ಸ್ಥಿತಿ! ಬಟ್ಟೆಯ ಗಂಟು, ಔಷಧದ ಚೀಲ, ವಿಭೂತಿಯ ಕರಡಿಗೆ ಇಷ್ಟನ್ನೇ ಹಿಡಿದು ಚನ್ನರಾಯಪಟ್ಟಣದಿಂದ ಹಾಸನಕ್ಕೆ, ಹಾಸನದಿಂದ ಹೊಳೇನರಸೀಪುರಕ್ಕೆ ತಿಂಗಳಿಗೊಮ್ಮೆ ಅಲೆಯುವವರಿಗೆ ಯಾವುದು ಮನೆ, ಯಾವುದು ಛತ್ರ?

ಇಲ್ಲಿ ಪೂರ್ವಪಕ್ಷಿಯು ಹೀಗೆ ಆಕ್ಷೇಪಿಸಬಹುದು: "ಎಲ್ಲ ಮಕ್ಕಳೂ ಸಮಾನವಾಗಿ ಭಾರ ಹೊರುವುದು ನ್ಯಾಯವಲ್ಲವೆ? ನಗರದ ಎರಡು ಕೋಣೆಯ ಮನೆಯಲ್ಲಿ, ಗಂಡಹೆಂಡಿರಿಬ್ಬರೂ ದುಡಿಯುವ ಸಂಸಾರದಲ್ಲಿ, ಒಬ್ಬನೇ ಸದಾಕಾಲ ಹೇಗೆ ನೋಡಿಕೊಂಡಾನು?" ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಸೇವೆಯ ಭಾರವು ಬಹುಪಾಲು ಸೊಸೆಯಂದಿರ ಮೇಲೆಯೇ ಬೀಳುವುದೆಂಬುದೂ ನಿಜ. ಹಿರಿಯರ ಗೌರವದ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಸವೆಸುವುದು ಧರ್ಮವಲ್ಲ. ಸಿದ್ಧಾಂತವಿಷ್ಟೆ: ಖರ್ಚನ್ನು ಹಂಚಬಹುದು, ಕೆಲಸವನ್ನು ಹಂಚಬಹುದು, ಗಂಡುಮಕ್ಕಳೂ ಸೇವೆಗೆ ಕೈಯಿಡಬಹುದು, ಆದರೆ ಎಲ್ಲಿರಬೇಕು, ಎಷ್ಟು ದಿನ ಇರಬೇಕು ಎಂಬುದನ್ನು ಆ ವೃದ್ಧರನ್ನೇ ಕೇಳಬೇಕು. ಸರತಿಯನ್ನು ಅವರೇ ಒಪ್ಪಿ ನಿಶ್ಚಯಿಸಿದರೆ ಅದು ಮಕ್ಕಳ ಮನೆಗಳಿಗೆ ಸಂಚಾರವಾಗುವುದು. ಬೇರೆಯವರು ನಿಶ್ಚಯಿಸಿದರೆ ಸಾಗಾಣಿಕೆಯಾಗುವುದು. ಬಸ್ಸು ಒಂದೇ, ದಾರಿ ಒಂದೇ, ಫಲ ಮಾತ್ರ ಬೇರೆ.

ಕೈಲಾಗುವ ಒಂದು ಕಾಯಕವನ್ನು ಅವರಿಗೆ ಉಳಿಸುವುದೂ ಅವಶ್ಯಕ. ಅವರೆಕಾಯಿ ಸುಲಿಯುವುದು, ಸೊಪ್ಪು ಸೋಸುವುದು, ಹೂ ಕಟ್ಟುವುದು, ಮೊಮ್ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು ಇವೇ ಮೊದಲಾದ ಕೆಲಸಗಳನ್ನು "ನಿಮಗೇಕೆ ಶ್ರಮ, ಸುಮ್ಮನೆ ಕೂತಿರಿ" ಎಂದು ಕಸಿದುಕೊಳ್ಳುವುದು ಉಪಚಾರವಲ್ಲ. ಯಾವ ಅವರೆಯಲ್ಲಿ ಸೊಗಡಿದೆ, ಯಾವ ಸೊಪ್ಪು ಬಸ್ಸಾರಿಗೆ ಒದಗುವುದು ಎಂಬ ಅರಿವು ಅಜ್ಜಿಯೊಡನೆ ಸುಮ್ಮನೆ ಕುಳಿತರೆ ಅಜ್ಜಿಯೊಡನೆಯೇ ಹೋಗುವುದು.

ಮೂರನೆಯದು ಯಾತ್ರೆ. ದೂರದ ಕ್ಷೇತ್ರಗಳಿಗೆ ಹೋಗಲಾರದವರಿಗೆ ಈ ಸೀಮೆಯೇ ಸಾಕಷ್ಟನ್ನು ಕೊಟ್ಟಿದೆ. ಈ ಮೂರು ಪಟ್ಟಣಗಳೂ ಹಾಸನದಿಂದ 40 ಕಿಲೋಮೀಟರಿನೊಳಗೆ ಇರುವುವು. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಸೋಪಾನವುಂಟು. ವಹ್ನಿಪುಷ್ಕರಿಣಿಯ ಮೀನುಗಳಿಗೆ ಪುರಿ ಹಾಕುತ್ತಾ ಅಜ್ಜನೂ ಮೊಮ್ಮಗನೂ ಒಂದು ಮಧ್ಯಾಹ್ನವನ್ನು ಸುಖವಾಗಿ ಕಳೆಯಬಹುದು. ಹಾಸನದ ಹಾಸನಾಂಬೆಯ ಬಾಗಿಲು ವರ್ಷಕ್ಕೊಮ್ಮೆ ದೀಪಾವಳಿಯ ಸಮೀಪದ ಕೆಲವೇ ದಿನ ತೆರೆಯುವುದರಿಂದ ಆಗ ಜನಸಂದಣಿ ಅತಿಶಯ. ವೃದ್ಧರೊಡನೆ ಹೋಗುವವರು ಹೊತ್ತನ್ನು ವಿಚಾರಿಸಿಯೇ ಹೊರಡತಕ್ಕದ್ದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಮೆಟ್ಟಿಲುಗಳು ಆರುನೂರಕ್ಕೂ ಮಿಗಿಲು. ಮೊಣಕಾಲು ಒಪ್ಪದವರಿಗೆ ಡೋಲಿಯುಂಟು. ಹತ್ತದಿದ್ದರೂ ಸುಮಾರು 58 ಅಡಿ ಎತ್ತರದ ಆ ಮೂರ್ತಿಯ ಶಿರಸ್ಸು ದೂರದ ದಾರಿಯಿಂದಲೇ ಕಾಣುವುದು.

ಸೌಕರ್ಯಗಳೂ ಹೆಚ್ಚಿವೆ. ಚನ್ನರಾಯಪಟ್ಟಣ, ಶ್ರವಣಬೆಳಗೊಳಗಳ ಮಾರ್ಗವಾಗಿ ಬೆಂಗಳೂರಿಗೂ ಹಾಸನಕ್ಕೂ 2017ರಲ್ಲಿ ನೇರ ರೈಲು ಸಂಚಾರ ಆರಂಭವಾಯಿತು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ರಾಜ್ಯದೊಳಗೆ ಉಚಿತ ಪ್ರಯಾಣ ದೊರೆಯಿತು. ಮಗಳ ಮನೆಗೆ ಹೋಗಲು ಮಗನ ಮುಖ ನೋಡಿ ಕಾಸು ಕೇಳಬೇಕಾಗಿದ್ದ ತಾಯಿಗೆ ಇದರಿಂದ ತಾನೇ ಹೊರಡುವ ಸ್ವಾತಂತ್ರ್ಯ ಬಂದಿತು. ರೈಲಿನಲ್ಲಿ ಮಾತ್ರ, 60 ತುಂಬಿದ ಪುರುಷರಿಗೆ ಶೇಕಡಾ 40, 58 ತುಂಬಿದ ಸ್ತ್ರೀಯರಿಗೆ ಶೇಕಡಾ 50ರಂತೆ ಇದ್ದ ರಿಯಾಯಿತಿಯು 2020ರ ಮಾರ್ಚ್ ತಿಂಗಳಲ್ಲಿ ನಿಂತುಹೋಯಿತು.

ವೃದ್ಧಾಪ್ಯದ ಪ್ರಯಾಣವು ಮನಸ್ಸನ್ನು ಹೇಗೆ ಅರಳಿಸಬಲ್ಲದೆಂಬುದಕ್ಕೆ ಈ ಜಿಲ್ಲೆಯಲ್ಲಿಯೇ ನಿದರ್ಶನವಿದೆ. ಹೇಮಾವತೀ ತೀರದ ಗೊರೂರಿನಲ್ಲಿ 1904ರಲ್ಲಿ ಜನಿಸಿದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಎಪ್ಪತ್ತು ದಾಟಿದ ಮೇಲೆ ಅಮೆರಿಕೆಯನ್ನು ಕಂಡು ಬರೆದ "ಅಮೆರಿಕದಲ್ಲಿ ಗೊರೂರು" ಎಂಬ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಹಳ್ಳಿಯ ಕಣ್ಣನ್ನು ಬಿಡದೆ ಹೊರಲೋಕವನ್ನು ನೋಡಿದ ವೃದ್ಧರವರು. ಇದಕ್ಕೆ ಪ್ರತಿಯಾದ ಇನ್ನೊಂದು ನಿದರ್ಶನವೂ ಅದೇ ಗೊರೂರಿನ ಸಮೀಪದ್ದೇ. ಅಲ್ಲಿ ಹೇಮಾವತಿಯ ಅಣೆಕಟ್ಟು 1979ರಲ್ಲಿ ಮುಗಿದಾಗ ಅನೇಕ ಗ್ರಾಮಗಳು ಮುಳುಗಿ, ಅಲ್ಲಿಯ ಜನ ಬೇರೆಡೆ ನೆಲಸಬೇಕಾಯಿತು. ಶೆಟ್ಟಿಹಳ್ಳಿಯ ಹಳೆಯ ಇಗರ್ಜಿಯ ಅಳಿದುಳಿದ ಗೋಡೆಗಳು ನೀರು ಇಳಿದ ಬೇಸಗೆಯಲ್ಲಿ ಇಂದಿಗೂ ಕಾಣುವುವು. ಒಂದೇ ನದಿಯ ತೀರದಿಂದ ಒಬ್ಬರು ಬಯಸಿ ಹೊರಟರು, ಅನೇಕರು ಬಯಸದೆ ಹೊರಟರು. ನಾಡಿನ ಹಿತಕ್ಕಾಗಿ ಆದ ಆ ಸ್ಥಾನಪಲ್ಲಟದ ನೋವನ್ನು ತಿಳಿದ ಈ ಸೀಮೆಯವರು, ತಮ್ಮ ತಂದೆತಾಯಿಗಳ ಬೇರನ್ನು ಸುಮ್ಮನೆ ಅನುಕೂಲಕ್ಕಾಗಿ ಕೀಳಲಾಗದು.

ಹೀಗೆ ಕೀಳುವವರನ್ನು ತಡೆಯಲು ಕಾನೂನಿಲ್ಲವೆ? ಉಂಟು. ತಂದೆತಾಯಿಗಳ ಹಾಗೂ ಹಿರಿಯ ನಾಗರಿಕರ ಪೋಷಣೆಯ ಅಧಿನಿಯಮವು 2007ರಲ್ಲಿ ಅಂಗೀಕೃತವಾಗಿ, ಮಕ್ಕಳಿಂದ ಜೀವನಾಂಶವನ್ನು ಕೇಳುವ ಹಕ್ಕನ್ನು ಕೊಟ್ಟಿತು. ಅದಕ್ಕಾಗಿ ನ್ಯಾಯಮಂಡಳಿಗಳಿವೆ, ಅವಶ್ಯಕವಾದಾಗ ಆ ಬಾಗಿಲನ್ನು ತಟ್ಟಲು ವೃದ್ಧರು ನಾಚಬೇಕಾಗಿಲ್ಲ. ಆದರೆ ನ್ಯಾಯಮಂಡಳಿಯು ಹಣವನ್ನು ಕೊಡಿಸಬಲ್ಲದೇ ಹೊರತು ತಟ್ಟೆಯ ಎದುರಿಗೆ ಮಗನನ್ನು ಕೂರಿಸಲಾರದು. ಅದು ಮನೆಯ ಅಭ್ಯಾಸದಿಂದಲೇ ಆಗತಕ್ಕ ಕೆಲಸ.

ಆದುದರಿಂದ ಈ ಸಭೆಯಿಂದ ಹಿಂದಿರುಗುವ ಮಕ್ಕಳಲ್ಲಿ ವಿಜ್ಞಾಪನೆಯಿಷ್ಟು. ಊರಿನಲ್ಲಿರುವ ತಾಯಿಯನ್ನು "ಊಟ ಆಯ್ತೇ?" ಎಂದಷ್ಟೇ ಕೇಳದೆ, ಏನು ಮಾಡಿಕೊಂಡಿರಿ, ಯಾರ ಜೊತೆ ಉಂಡಿರಿ ಎಂದು ಕೇಳಬೇಕು. ಮುಂದಿನ ಹಬ್ಬಕ್ಕೆ ಎಲ್ಲಿಗೆ ಕರೆದುಕೊಂಡು ಹೋಗೋಣವೆಂದು ತಮ್ಮೊಳಗೆ ಮಾತನಾಡುವ ಮೊದಲು, ಎಲ್ಲಿಗೆ ಹೋಗಲು ಮನಸ್ಸಿದೆಯೆಂದು ಅವರನ್ನೇ ಕೇಳಬೇಕು. ಉತ್ತರವು "ಎಲ್ಲಿಗೂ ಬೇಡ, ನೀನೇ ಎರಡು ದಿನ ಬಂದು ಇಲ್ಲಿರು" ಎಂದು ಬಂದರೆ, ಆ ಪ್ರಯಾಣವನ್ನು ಮಕ್ಕಳೇ ಮಾಡತಕ್ಕದ್ದು.

ಸರ್ವರಿಗೂ ಶುಭವಾಗಲಿ. ಇತಿ ಶಿವಂ.