ಹಲ್ಲಿಗೆ ಬಿಡುವು, ಮೂಳೆಗೆ ಕೆಲಸ

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ, ವೈದ್ಯನಲ್ಲ. ಆದರೂ ನಮ್ಮ ಪ್ರತಿ ಮನೆಗೂ ಬೇಕಾದ ಒಂದು ವಿಜ್ಞಾನದ ಮಾತು ಹೇಳಲು ಬಂದಿದ್ದೇನೆ.

ಮಕ್ಕಳೇ, ಬಾಯಿಯ ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಹಲ್ಲು ಹಾಳಾಗತೊಡಗುತ್ತದೆ ಎಂದು ಹತ್ತನೇ ತರಗತಿಯಲ್ಲಿ ಓದುತ್ತೀರಿ. ನಾವು ಬಿಸ್ಕತ್ತು, ಚಾಕೊಲೇಟ್ ತಿಂದಾಗ ಬಾಯಿಯ ಬ್ಯಾಕ್ಟೀರಿಯಾಗಳು ಆಮ್ಲ ಹುಟ್ಟಿಸುತ್ತವೆ. ಅದು ಹಲ್ಲಿನ ಎನಾಮಲ್‌ನಿಂದ ಕ್ಯಾಲ್ಸಿಯಂ, ಫಾಸ್ಫೇಟ್‌ಗಳನ್ನು ಕರಗಿಸುತ್ತದೆ. ಕಥೆ ಅಲ್ಲಿಗೇ ಮುಗಿಯುವುದಿಲ್ಲ. ನಮ್ಮ ಜೊಲ್ಲಿನಲ್ಲೂ ಅದೇ ಖನಿಜಗಳಿವೆ. ತಿನ್ನುವುದು ನಿಂತ ಮೇಲೆ ಜೊಲ್ಲು ಆಮ್ಲವನ್ನು ತಗ್ಗಿಸಿ, ಹೋದ ಖನಿಜವನ್ನು ಮೆಲ್ಲಗೆ ಹಲ್ಲಿಗೆ ಮರಳಿಸುತ್ತದೆ. ಫ್ಲೋರೈಡ್ ಇರುವ ಪೇಸ್ಟ್ ಇದಕ್ಕೆ ನೆರವಾಗುತ್ತದೆ. ಗಳಿಗೆಗೊಮ್ಮೆ ಏನಾದರೂ ಸಿಹಿ ಮೆಲ್ಲುತ್ತಿದ್ದರೆ ಈ ದುರಸ್ತಿಗೆ ಸಮಯವೇ ಸಿಗದು. ಹಲ್ಲಿಗೆ ಬೇಕಾದದ್ದು ಬಿಡುವು. ಸುಣ್ಣದಂಥ ಬಿಳಿ ಮಚ್ಚೆ ಕಾಣಿಸಿಕೊಂಡ ಹಂತದಲ್ಲಿ ಇನ್ನೂ ಕಾಲ ಮೀರಿರುವುದಿಲ್ಲ. ಕುಳಿ ಬಿದ್ದರೆ ಮಾತ್ರ ದಂತವೈದ್ಯರೇ ತುಂಬಬೇಕು.

ಮೂಳೆಯ ರೀತಿ ಬೇರೆ. ಅದು ಜೀವಂತ. ಒಂದು ಬಗೆಯ ಕೋಶಗಳು ಹಳೆಯ ಮೂಳೆಯನ್ನು ಕೆಡವುತ್ತವೆ, ಇನ್ನೊಂದು ಬಗೆಯವು ಹೊಸದನ್ನು ಕಟ್ಟುತ್ತವೆ. ಹೀಗೆ ಸುಮಾರು 10 ವರ್ಷಗಳಲ್ಲಿ ಅಸ್ಥಿಪಂಜರದ ಬಹುಪಾಲು ಹೊಸದಾಗುತ್ತದೆ. ಆದರೆ ಮೂವತ್ತರ ಆಸುಪಾಸಿಗೆ ಮೂಳೆ ಕೂಡಿಡುವ ಕಾಲ ಮುಗಿಯುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಕಟ್ಟುವುದಕ್ಕಿಂತ ಕೆಡವುವುದೇ ಹೆಚ್ಚಾಗುತ್ತದೆ. ಬಚ್ಚಲಲ್ಲಿ ಒಮ್ಮೆ ಜಾರಿದ್ದಕ್ಕೇ ಅಜ್ಜಿಯ ಸೊಂಟದ ಮೂಳೆ ಮುರಿಯುವುದು ಇದರಿಂದ.

ಮೂಳೆಗೆ ಬೇಕಾದ ಸಾಮಗ್ರಿ ನಮ್ಮ ಹೊಲದಲ್ಲೇ ಇದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದನ್ನು ಮೈ ಹೀರಿಕೊಳ್ಳಲು ಬೇಕಾದ ಡಿ ವಿಟಮಿನ್ನನ್ನು ಬಿಸಿಲು ಕೊಡುತ್ತದೆ. ಇವೆರಡೇ ಸಾಲದು, ಮೂಳೆಗೆ ಕೆಲಸವೂ ಬೇಕು. ಬಾಹ್ಯಾಕಾಶದಲ್ಲಿ ತೂಕವಿಲ್ಲದೆ ತೇಲುವ ಗಗನಯಾತ್ರಿಗಳ ಸೊಂಟ, ಕಾಲುಗಳ ಮೂಳೆ ತಿಂಗಳಿಗೆ ಶೇ. 1ರಷ್ಟು ಕರಗುತ್ತದೆ. ದಿನವಿಡೀ ಕುರ್ಚಿಯಲ್ಲಿ ಕೂರುವ ನನ್ನಂಥವರಿಗೂ ಇದು ಪಾಠ.

ಕೊನೆಯದಾಗಿ ಪಾಲಕರಲ್ಲಿ ಒಂದು ವಿನಂತಿ. ಹೈಸ್ಕೂಲಿಗೆ ಬಂದರೆಂದು ಹೆಣ್ಣುಮಕ್ಕಳ ಆಟ ಬಿಡಿಸಬೇಡಿ. ಮೂಳೆ ಅತಿ ವೇಗವಾಗಿ ಬಲಿಯುವ ವಯಸ್ಸು ಇದೇ. ಖೊಖೊ ಆಡಲಿ, ಓಡಲಿ, ಬಿಸಿಲಿಗೆ ಮೈಯೊಡ್ಡಲಿ. ಅರವತ್ತರಲ್ಲಿ ಅವರನ್ನು ನೆಟ್ಟಗೆ ನಿಲ್ಲಿಸಬೇಕಾದ ಮೂಳೆ ಈ ಶಾಲೆಯ ಮೈದಾನದಲ್ಲೇ ಗಟ್ಟಿಯಾಗಬೇಕು.